ಕರಿಯಮ್ಮನ ತಿರುವಿನಲ್ಲಿ ಕೂಗದ ಹಾರ್ನ್

"ನೀರು ಕೊಡಾಕಿಲ್ಲ ಅಂತಲ್ಲ ಸಾಮಿ. ನೀವು ಕುಡೀಬಾರ್ದು, ಅದಕ್ಕೆ."

ಚೊಂಬು ಹಿಡಿದ ರಂಗಮ್ಮ ಹೊಸಿಲ ಒಳಗೇ ನಿಂತುಬಿಟ್ಟಳು. ಜಗಲಿಯ ಮೇಲೆ ಕೂತಿದ್ದ ಷಡಕ್ಷರಪ್ಪನವರು ಚಾಚಿದ ಕೈಯನ್ನು ಚಾಚಿದಂತೆಯೇ ಹಿಡಿದಿದ್ದರು. ಹಾರನಹಳ್ಳಿಯ ಬಿಸಿಲಿಗೆ ಅವರ ಗಂಟಲು ಒಣಗಿ ಹೋಗಿತ್ತು.

"ಯಾಕಮ್ಮಾ? ನೀರಲ್ಲೇನಿದೆ?"

"ನೀರಾಗೇನೈತೆ? ಮನೇಗೆ ಸೂತಕ ಐತೆ. ನಮ್ಮ ಭಾವ ತೀರ್ಕಂಡ್ರು, ಹೋದ ಸೋಮವಾರ. ಇನ್ನೂ ತಿಥಿ ಆಗಿಲ್ಲ."

ಹೋದ ಸೋಮವಾರ. ಷಡಕ್ಷರಪ್ಪ ಕೈ ಕೆಳಗಿಳಿಸಿದರು. ಸುಮಿತ್ರಮ್ಮ ಸತ್ತದ್ದು ಅದರ ಮಾರನೆಯ ದಿನ, ಮಂಗಳವಾರ.

ಈ ಕಥೆಗೆ ಹೊಸದಾಗಿ ಜೊತೆಗೂಡಿದವರಿಗೆ ಒಂದು ಮಾತು: ಈ ಷಡಕ್ಷರಪ್ಪನವರು ಅರಸೀಕೆರೆಯ ನಿವೃತ್ತ ಬ್ರೇಕ್ ಇನ್ಸ್‌ಪೆಕ್ಟರು, ಹಳೇಬೀಡು–ಬೇಲೂರು ರಸ್ತೆಯಲ್ಲಿ ಕರಿಯಮ್ಮನ ತಿರುವಿನ ಆಚೆ ಅವರ ಹೆಂಡತಿ ಸುಮಿತ್ರಮ್ಮ ಎಳನೀರು ಟೆಂಪೊಗೆ ಸಿಕ್ಕಿ ಸತ್ತರು, ಈ ರಂಗಮ್ಮನ ಮಗ ದೇವರಾಜ "ಓಡಿಸ್ತಿದ್ದವನು ನಾನೇ" ಎಂದು ತಾನಾಗಿಯೇ ಠಾಣೆಗೆ ಹೋಗಿ ಒಪ್ಪಿಕೊಂಡು, ಜಾಮೀನಿನ ಮೇಲೆ ಮನೆಗೆ ಬಂದಿದ್ದ, ಅವನು ಸುಳ್ಳು ಹೇಳುತ್ತಿದ್ದಾನೆಂದು ಹಟ ಹಿಡಿದವರು ಇವರೊಬ್ಬರೇ.

ಹಟ ಎಂದರೆ ಸಿಟ್ಟಿನ ಹಟವಲ್ಲ. ಸಿಟ್ಟು ಬಂದಿದ್ದರೆ ಎಷ್ಟೋ ವಾಸಿಯಾಗುತ್ತಿತ್ತು. ಹೆಂಡತಿಯ ಹೆಣ ನೋಡಿದಾಗಲೂ ಅವರಿಗೆ ಅಳು ಬರಲಿಲ್ಲ, ಮಣ್ಣು ಮಾಡುವಾಗಲೂ ಬರಲಿಲ್ಲ. ಬಂದ ನೆಂಟರು ಗೋಳೋ ಎಂದು ಅತ್ತರೆ ಇವರು ಅವರಿಗೆ ಕುರ್ಚಿ ಹಾಕಿಸಿ, ಕಾಫಿ ಕುಡಿದಿರಾ ಎಂದು ವಿಚಾರಿಸಿದರು. "ಕಲ್ಲುಗುಂಡಿಗೆ ಕಣ್ರೀ ಈ ಮನುಷ್ಯಂದು" ಎಂದು ಅಡುಗೆಮನೆಯಲ್ಲಿ ಆಡಿಕೊಂಡದ್ದೂ ಕಿವಿಗೆ ಬಿತ್ತು. ಅದೂ ಏನೂ ಅನ್ನಿಸಲಿಲ್ಲ. ಕಾಲಿಗೆ ಜೋಮು ಹಿಡಿದರೆ ಎದ್ದು ಒದರಿಕೊಳ್ಳಬಹುದು. ಎದೆಗೇ ಹಿಡಿದರೆ ಏನು ಮಾಡುವುದು ಹೇಳಿ?

ಒಂದೇ ಒಂದು ಆಸೆ ಉಳಿದಿತ್ತು. ಆ ಸ್ಟೀರಿಂಗ್ ಹಿಡಿದಿದ್ದವರು ಯಾರೆಂದು ತಿಳಿಯಬೇಕು. ತಿಳಿದರೆ ಸಿಟ್ಟೋ ಸಂಕಟವೋ ಏನಾದರೊಂದು ಬಂದೀತು ಎಂದು ಅವರು ನಂಬಿಕೊಂಡಿದ್ದರು.

"ಸರ್..." ಪಕ್ಕದಲ್ಲಿ ಲ್ಯಾಪ್‌ಟಾಪ್ ಮಡಿಲಲ್ಲಿಟ್ಟುಕೊಂಡು ಕೂತಿದ್ದ ನಯನಾ ಮೆಲ್ಲಗೆ ಕರೆದಳು. ಅವಳ ಮುಖದಲ್ಲಿ ಗಾಬರಿ ಕಾಣುತ್ತಿತ್ತು. "ಸೋಮವಾರದಿಂದಲೇ ಸೂತಕ ಅಂದ್ರೆ..."

"ತಡಿ" ಎಂದರು ಷಡಕ್ಷರಪ್ಪ.

ನಯನಾ ಕಾಲೇಜಿನ ರಸ್ತೆ ಸುರಕ್ಷತೆ ಅಧ್ಯಯನದ ಹುಡುಗಿ. ಡ್ರೈವರುಗಳು ಹೇಗೆ ಓಡಿಸುತ್ತಾರೆ, ಎಲ್ಲಿ ಎಡವುತ್ತಾರೆ, ಹೇಗೆ ತಿದ್ದಬಹುದು ಎಂದು ತಿಳಿಯಲು ಅರಸೀಕೆರೆ ಬೇಲೂರು ಕಡೆಯ ಗೂಡ್ಸ್ ಗಾಡಿಗಳಿಗೆಲ್ಲ ಒಂದೊಂದು ಕಪ್ಪು ಪೆಟ್ಟಿಗೆ ಕೂರಿಸಿದ್ದಳು. ಆ ಪೆಟ್ಟಿಗೆಗೆ ಕಣ್ಣಿಲ್ಲ. ಗಾಡಿಯ ವೇಗ, ಬ್ರೇಕು, ಹಾರ್ನು, ಜಾಗ ಇಷ್ಟು ಮಾತ್ರ ಅದಕ್ಕೆ ಗೊತ್ತು. ಷಡಕ್ಷರಪ್ಪನವರು ಅಧ್ಯಯನಕ್ಕೆ ಸಲಹೆಗಾರರು. ಡ್ರೈವರುಗಳನ್ನು ಒಂದು ಕಡೆ ಕೂರಿಸಿ ನಾಲ್ಕು ಮಾತು ಹೇಳುವುದಕ್ಕೆ ಇವರಷ್ಟು ತಕ್ಕವರು ಬೇರಾರಿದ್ದರು?

ಕರಿಯಮ್ಮನ ತಿರುವಿನಲ್ಲಿ ಗಾಡಿಗಳೆಲ್ಲ ನಿಧಾನವಾಗುತ್ತವೆ ಎಂದು ಪೆಟ್ಟಿಗೆಗಳು ಹೇಳಿದಾಗ ನಯನಾ ಕುಣಿದಾಡಿದ್ದಳು. "ನೋಡಿ ಸರ್, ನಾವು ಹಾಕಿಸಿದ ಹಳದಿ ಬೋರ್ಡು ಕೆಲಸ ಮಾಡ್ತಿದೆ!"

"ಬೋರ್ಡ್ ನೋಡಿ ನಿಧಾನ ಮಾಡೋ ಡ್ರೈವರು ಇನ್ನೂ ಹುಟ್ಟಬೇಕು ಕಣಮ್ಮಾ" ಎಂದು ಸುಮಿತ್ರಮ್ಮ ಕಾಫಿ ತಂದಿಡುತ್ತಾ ನಕ್ಕಿದ್ದರು. "ಅಲ್ಲಿ ಕರಿಯಮ್ಮನ ಗುಡಿ ಇದೆಯಲ್ಲ, ಅವಳಿಗೆ ಹೆದರಿ."

ನಿಜವೂ ಅದೇ. ಆ ರಸ್ತೆಯ ಡ್ರೈವರುಗಳು ಗುಡಿ ಬಂದರೆ ಗಾಡಿ ನಿಧಾನಿಸಿ, ಎರಡು ಸಲ ಹಾರ್ನ್ ಒತ್ತಿ, ಒಂದು ಕೈ ಹಣೆಗೆ ಮುಟ್ಟಿಸಿ ಮುಂದೆ ಹೋಗುತ್ತಾರೆ. ದೇವರಾಜನಂತೂ ಒಂದು ದಿನವೂ ತಪ್ಪಿಸಿದವನಲ್ಲ. ಮಂಗಳವಾರ ಮಾತ್ರ ಅವನ ಟೆಂಪೊ ತಿರುವಿನಲ್ಲಿ ನಿಧಾನವಾಗಿರಲಿಲ್ಲ, ಹಾರ್ನೂ ಕೂಗಿರಲಿಲ್ಲ.

ಇದನ್ನು ಕಂಡ ಷಡಕ್ಷರಪ್ಪನವರು ಸೀದಾ ಎಸ್‌ಐ ಉಷಾರಾಣಿಯ ಮುಂದೆ ಹೋಗಿ ಕೂತರು. ಓಡಿಸಿದವನು ದೇವರಾಜನಲ್ಲ. ಆ ಗಾಡಿಯ ಬೀಗದ ಕೈ ಇನ್ನು ಯಾರ ಹತ್ತಿರ ಇರುತ್ತದೆ? ಮಾಲೀಕ ಕುಮಾರಸ್ವಾಮಿಯ ಮಗ ಹೇಮಂತನ ಹತ್ತಿರ. ಮೊಬೈಲಿನಲ್ಲಿ ಮಾತಾಡುತ್ತಾ ಗಾಡಿ ಓಡಿಸಿ ಲೈಸೆನ್ಸ್ ಅಮಾನತು ಮಾಡಿಸಿಕೊಂಡ ಹುಡುಗ. ಲೈಸೆನ್ಸ್ ಇಲ್ಲದ ಮಗ ಮಾಡಿದ ತಪ್ಪನ್ನು ಡ್ರೈವರ್ ತಲೆಗೆ ಕಟ್ಟುವುದು ಹೊಸ ವಿದ್ಯೆಯೇ? ಇವತ್ತು ಬೆಳಿಗ್ಗೆ ಉಷಾರಾಣಿ ಹೇಮಂತನನ್ನು ಠಾಣೆಗೆ ಕರೆತಂದಿದ್ದಳು. ಸಂಜೆಯೊಳಗೆ ಕೋರ್ಟು, ಅಲ್ಲಿಂದ ಜೈಲು.

"ಒಂದೇ ಮಠಕ್ಕೆ ನಡ್ಕೊಳ್ಳೋರು ನಾವು. ನಮ್ಮವನೇ ನಮ್ಮ ಮನೆಗೆ ಬೆಂಕಿ ಇಟ್ಟನಲ್ಲಪ್ಪಾ!" ಎಂದು ಕುಮಾರಸ್ವಾಮಿ ಬೀದಿಯಲ್ಲಿ ನಿಂತು ಕೂಗಾಡಿ ಹೋಗಿದ್ದ. ಷಡಕ್ಷರಪ್ಪ ಕಿಟಕಿ ಮುಚ್ಚಿಕೊಂಡಿದ್ದರು.

ದೇವರಾಜನ ಬಾಯಲ್ಲೇ ನಿಜ ಕೇಳೋಣವೆಂದು ಬಂದು ಕೂತ ಈ ಜಗಲಿಯ ಮೇಲೆ ಈಗ ಅವರ ಬಾಯಿ ಇನ್ನಷ್ಟು ಒಣಗಿತು.

"ರಂಗಮ್ಮ, ಸೂತಕದಲ್ಲಿ ನಿನ್ನ ಮಗ ಕರಿಯಮ್ಮನಿಗೆ ಕೈಯೆತ್ತಿ ಮುಗೀತಾನಾ?"

"ಶಿವ ಶಿವಾ! ಉಂಟಾ ಸಾಮಿ? ಮೈಲಿಗೇಲಿ ಅವ್ವನ ಕಡೀಕೆ ತಿರುಗಿ ನೋಡಾಂಗಿಲ್ಲ. ಮಂಗಳವಾರ ಕೆಲ್ಸಕ್ಕೆ ಹೊಂಟಾಗ ನಾನೇ ಹೇಳಿ ಕಳ್ಸಿದ್ದೆ, ಗುಡಿ ಬಂದ್ರೆ ತಲೆ ಬಗ್ಗಿಸ್ಕಂಡು ಸೀದಾ ಹೋಗ್ಬಿಡ್ಲಾ, ನಿಲ್ಲಬ್ಯಾಡ ಅಂತ."

ತಾನೊಂದು ಬಗೆದರೆ ದೈವವೊಂದು ಬಗೆಯಿತು ಎನ್ನುವುದು ಇದಕ್ಕೇ. ಲಿಂಗ ಕಟ್ಟಿದ ಮನೆಗೆ ಸೂತಕವಿಲ್ಲ. ಸುಮಿತ್ರಮ್ಮನನ್ನು ಮಣ್ಣು ಮಾಡಿದ ಮಾರನೆಯ ಬೆಳಿಗ್ಗೆಯೇ ಷಡಕ್ಷರಪ್ಪ ಸ್ನಾನ ಮಾಡಿ, ವಿಭೂತಿ ಹಚ್ಚಿ, ಎಂದಿನಂತೆ ಪೂಜೆಗೆ ಕೂತಿದ್ದರು. ಪಕ್ಕದ ಮನೆಯವರ ಸೂತಕಗಳನ್ನು ಜೀವಮಾನವಿಡೀ ನೋಡಿದವರೇ. ಆದರೂ ಸಾವಾದ ಮನೆಯ ಡ್ರೈವರು ದೇವರಿಗೆ ಕೈಯೆತ್ತುವುದಿಲ್ಲ ಎಂಬುದು ಅವರಿಗೆ ಹೊಳೆಯಲೇ ಇಲ್ಲ. ಅವರ ರೂಢಿಯಲ್ಲಿ ಅಂಥದ್ದೊಂದು ಇರಲಿಲ್ಲ, ಅಷ್ಟೇ.

"ಪೆಟ್ಟಿಗೆ ಹಾರ್ನ್ ಆಗಿಲ್ಲ ಅಂತ ಮಾತ್ರ ಹೇಳಿತ್ತು ಸರ್" ಎಂದಳು ನಯನಾ. "ಯಾಕಾಗಿಲ್ಲ ಅನ್ನೋದನ್ನ ನಾವು ಸೇರಿಸಿದ್ವಿ."

"ನಾವಲ್ಲಮ್ಮ. ನಾನು."

ಅವರು ಎದ್ದು ಹೋಗಿ ರಂಗಮ್ಮನ ಕೈಯಿಂದ ಚೊಂಬು ಇಸಿದುಕೊಂಡು ಗಟಗಟ ಕುಡಿದರು. "ನಮಗೆ ಸೂತಕ ಇಲ್ಲ ರಂಗಮ್ಮ, ಹೆದರಬೇಡ."

"ನಿಮ್ಮನೇಲೂ ಸಾವಾಗೈತಲ್ಲ ಸಾಮಿ" ಎಂದಳು ಆಕೆ.

"ಆಗಿದೆ" ಎಂದು ಅವರು ಚೊಂಬು ಹಿಂದಕ್ಕೆ ಕೊಟ್ಟರು.

ಅಷ್ಟರಲ್ಲಿ ಹಿತ್ತಿಲ ಕಡೆಯಿಂದ ದೇವರಾಜ ಬಂದ. ಮೂವತ್ತು ದಾಟಿದ ಗಟ್ಟಿ ಆಳು. ಕ್ಷೌರ ಮಾಡಿಸದ ಮುಖ, ಹೆಗಲ ಮೇಲೆ ಟವೆಲ್. ಜಗಲಿಯ ಮೇಲಿದ್ದವರನ್ನು ಕಂಡದ್ದೇ ಕಾಲು ಹಿಂದಕ್ಕೆ ಇಟ್ಟ. ಓಡಿ ಹೋಗುವವನ ಹಾಗೆ ಕಂಡ. ಆದರೆ ತಾಯಿ ನೋಡುತ್ತಿದ್ದಳಲ್ಲ, ನಿಂತುಕೊಂಡ.

"ಬಾರಪ್ಪಾ ದೇವರಾಜ, ಕೂತ್ಕೋ."

"ಪರವಾಗಿಲ್ಲ ಸಾಮಿ." ಅವನು ಕಂಬಕ್ಕೆ ಆತು ನೆಲ ನೋಡುತ್ತಾ ನಿಂತ.

"ಗಾಡಿ ಓಡಿಸ್ತಿದ್ದವನು ನೀನೇ?"

"ನಾನೇ. ಸ್ಟೇಷನ್ನಾಗೆ ಬರ್ಕೊಟ್ಟಿವ್ನಲ್ಲ."

"ಅವಳನ್ನ ಎಲ್ಲಿ ನೋಡಿದೆ?"

"ಹುಣಸೇ ಮರದ ತಾವ. ರೋಡ್ ದಾಟ್ತಿದ್ರು."

"ಯಾವ ಕಡೆಯಿಂದ ಯಾವ ಕಡೆಗೆ?"

"ಆ ಕಡೆಯಿಂದ ಈ ಕಡೀಕೆ. ಗ್ಯಾನ ಇಲ್ಲ ಸಾಮಿ. ಎಲ್ಲಾ ಒಂದು ಗಳಿಗೇಲಿ ಆಗೋಯ್ತು."

ಷಡಕ್ಷರಪ್ಪನವರ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. ಲೈಸೆನ್ಸ್ ಕೇಳಿಕೊಂಡು ಬಂದವನಿಗೆ ರಸ್ತೆಯ ಚಿಹ್ನೆಗಳನ್ನು ತೋರಿಸಿ ಒಂದೊಂದಾಗಿ ಪ್ರಶ್ನೆ ಕೇಳುವ ಹಾಗೆಯೇ ಕೇಳುತ್ತಾ ಹೋದರು.

"ಬ್ರೇಕ್ ಒತ್ತಿದೆಯಾ?"

"ಒತ್ತಿದೆ."

ನಯನಾ ಲ್ಯಾಪ್‌ಟಾಪಿನ ಪರದೆಯನ್ನು ಅವನ ಕಡೆ ತಿರುಗಿಸಿದಳು. "ಜೋರಾಗಿ ಒತ್ತಿಲ್ಲ ದೇವರಾಜ್. ನೋಡಿ ಇಲ್ಲಿ. ಬಸ್‌ಸ್ಟ್ಯಾಂಡಲ್ಲಿ ಜನ ಇಳಿಸೋಕೆ ನಿಲ್ಲಿಸ್ತಾರಲ್ಲ, ಹಾಗೆ ಮೆಲ್ಲಗೆ ನಿಂತಿದೆ ಗಾಡಿ. ಕಣ್ಣೆದುರಿಗೆ ಒಂದು ಜೀವ ಬಂದಾಗ ಯಾರಾದ್ರೂ ಹಾಗೆ ನಿಲ್ಲಿಸ್ತಾರಾ?"

ಅವನು ಪರದೆ ನೋಡಲಿಲ್ಲ. ಟವೆಲಿನ ಅಂಚನ್ನು ಬೆರಳಿಗೆ ಸುತ್ತಿದ, ಬಿಚ್ಚಿದ. ಒಳಗೆ ರಂಗಮ್ಮ ಕೆಮ್ಮಿದಳು.

"ಹೇಳ್ಲಾ ಮೇಡಮ್ಮೋರೆ?" ಎಂದ ಕೊನೆಗೆ. "ನೀವು ಬ್ಯಾಸರ ಮಾಡ್ಕಬಾರ್ದು."

"ಹೇಳಿ."

"ಬ್ರೇಕ್ ಜೋರಾಗಿ ಒತ್ತಿದ್ರೆ ನಿಮ್ಮ ಪೆಟ್ಗೆ ಕೀಂ ಅಂತೈತೆ. ಕೀಂ ಅಂದ್ರೆ ಮಾರ್ಕ್ಸ್ ಹೋಯ್ತವೆ. ಮಾರ್ಕ್ಸ್ ಕಮ್ಮಿಯಾದೋನ ಕೈಯಿಂದ ಓನರ್ರು ಗಾಡಿ ಕಿತ್ಕತಾರೆ. ಪೆಟ್ಗೆ ಬಂದಾಗಿಂದ ನಮ್ಮ ಕಾಲು ಅದ್ನೇ ಕಲ್ತೈತೆ. ಅಮ್ಮಾರು ಅಡ್ಡ ಬಂದಾಗ್ಲೂ ಕಾಲು ಮೆಲ್ಲಗೇ ಹೋಯ್ತು."

ನಯನಾ ಲ್ಯಾಪ್‌ಟಾಪ್ ಮುಚ್ಚಿದಳು. ಅವಳ ಕಣ್ಣಲ್ಲಿ ನೀರು ತುಂಬಿ, ಕೆನ್ನೆಯ ಮೇಲೆ ಇಳಿಯಿತು. ಒರೆಸಿಕೊಳ್ಳಲಿಲ್ಲ.

ಆ ಪಾಠ ಹೇಳಿದವರು ಷಡಕ್ಷರಪ್ಪನವರೇ. ಎಪಿಎಂಸಿ ಯಾರ್ಡಿನಲ್ಲಿ ಕೊಬ್ಬರಿ ಮೂಟೆಗಳ ಮೇಲೆ ಡ್ರೈವರುಗಳನ್ನು ಕೂರಿಸಿಕೊಂಡು, "ಬ್ರೇಕ್ ಅಂದ್ರೆ ಹಸುವಿನ ಕೆಚ್ಚಲು ಇದ್ದಂಗೆ ಕಣ್ರಯ್ಯಾ, ಮೆಲ್ಲಗೆ ಒತ್ತಬೇಕು. ಜೋರು ಮಾಡಿದ್ರೆ ಒದೀತದೆ" ಅಂದಿದ್ದರು. ಎಲ್ಲರೂ ಹೋ ಎಂದು ನಕ್ಕಿದ್ದರು. ಮುಂದಿನ ಸಾಲಿನಲ್ಲಿ ಕೂತು ನಕ್ಕವರಲ್ಲಿ ಈ ದೇವರಾಜನೂ ಇದ್ದ.

ಹಾಗಾದರೆ ಮುಗಿಯಿತಲ್ಲ. ಸ್ಟೀರಿಂಗ್ ಹಿಡಿದಿದ್ದವನು ಇವನು. ಬ್ರೇಕಿನ ಮೇಲಿದ್ದ ಕಾಲು ಇವನದು, ಆ ಕಾಲಿಗೆ ಬುದ್ಧಿ ಹೇಳಿಕೊಟ್ಟವರು ತಾವು. ಷಡಕ್ಷರಪ್ಪ ಕಾದು ನೋಡಿದರು. ಈಗಲಾದರೂ ಎದೆಯಲ್ಲಿ ಏನಾದರೂ ಏಳುತ್ತದೇನೋ ಎಂದು ತಮ್ಮನ್ನು ತಾವೇ ತಡವಿ ನೋಡಿಕೊಂಡರು. ಏನೂ ಏಳಲಿಲ್ಲ. ಬೆನ್ನಿಗೆ ಬಿಸಿಲು ಬಡಿಯುತ್ತಿತ್ತು, ಅದೊಂದು ಗೊತ್ತಾಯಿತು.

"ಸರ್, ಹೇಮಂತ್..." ನಯನಾ ನೆನಪಿಸಿದಳು.

ಹೌದು, ಹೇಮಂತ. ತಪ್ಪೇ ಮಾಡದ ಹುಡುಗ ತಮ್ಮ ಒಂದು ಮಾತಿನಿಂದ ಲಾಕಪ್ಪಿನಲ್ಲಿ ಕೂತಿದ್ದಾನೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರನ್ನು ಕಂಡರೆ ಉರಿದು ಬೀಳುತ್ತಿದ್ದ ಮನುಷ್ಯ, ತಾವೇ ಹೋಗಿ ಕಟ್ಟಿ ಬಂದಿದ್ದರು. ಅವರು ಮೊಬೈಲ್ ತೆಗೆದು ಉಷಾರಾಣಿಯ ನಂಬರ್ ಒತ್ತಿ, ಸ್ಪೀಕರ್ ಹಾಕಿ ಜಗಲಿಯ ಮೇಲಿಟ್ಟರು. ಎಡಗಿವಿ ಮಂದ.

"ಉಷಾರಾಣಿ, ನಾನಮ್ಮ, ಷಡಕ್ಷರಪ್ಪ. ತಪ್ಪು ಮಾಡಿಬಿಟ್ಟೆ. ಆ ಹುಡುಗನ್ನ ಬಿಟ್ಬಿಡಿ. ಹಾರ್ನ್ ಯಾಕಾಗಿಲ್ಲ ಅನ್ನೋದು ಗೊತ್ತಾಯ್ತು. ದೇವರಾಜ ಹೇಳಿದ್ದೇ..."

"ಸರ್, ಸರ್, ಒಂದು ನಿಮಿಷ ತಡ್ಕೊಳ್ಳಿ." ಉಷಾರಾಣಿಯ ದನಿಯಲ್ಲಿ ಏದುಸಿರಿತ್ತು. "ನಾನೇ ನಿಮಗೆ ಫೋನ್ ಮಾಡೋಳಿದ್ದೆ. ಹೇಮಂತ ಬಾಯಿ ಬಿಟ್ಟ."

ಕಂಬಕ್ಕೆ ಆತು ನಿಂತಿದ್ದ ದೇವರಾಜ ನೆಟ್ಟಗಾದ.

"ಓಡಿಸ್ತಿದ್ದವನು ದೇವರಾಜ ಅಲ್ಲವಂತೆ ಸರ್."

"ಏನಮ್ಮಾ ಹಾಗಂದ್ರೆ? ಹೇಮಂತನೇ ಓಡಿಸ್ತಿದ್ನಾ?"

"ಅವನೂ ಅಲ್ಲ. ಇಬ್ಬರೂ ಗಾಡೀಲಿದ್ದದ್ದು ನಿಜ. ನಯನಾ ಮೇಡಂ ನಿಮ್ಮ ಜೊತೇಲಿದ್ದಾರಾ ಸರ್?"

"ಇದ್ದಾಳೆ. ನೀನು ಹೇಳಮ್ಮಾ."

"ಸ್ಟೀರಿಂಗ್ ಹಿಡಿದಿದ್ದು ಸುಮಿತ್ರಮ್ಮನವರಂತೆ. ಎರಡು ತಿಂಗಳಿಂದ ಹೇಮಂತನ ಹತ್ತಿರ ಗಾಡಿ ಕಲೀತಿದ್ದರಂತೆ. ನಿಮಗೆ ಹೇಳಕೂಡದು ಅಂತ ಇಬ್ಬರ ಕೈಲೂ ಆಣೆ ಹಾಕಿಸಿದ್ದರಂತೆ. ಲೈಸೆನ್ಸ್ ತಗೊಂಡ ಮೇಲೆ ಒಂದು ದಿನ ನಿಮ್ಮನ್ನ ಪಕ್ಕದಲ್ಲಿ ಕೂರಿಸ್ಕೊಂಡು ಬೇಲೂರಿಗೆ ಕರ್ಕೊಂಡು ಹೋಗ್ತೀನಿ ಅಂತಿದ್ದರಂತೆ. ಮುಂದಿಂದು ಕೇಳಿದ್ರೆ ಹುಡುಗ ಗಡಗಡ ನಡುಗ್ತಾನೆ, ಒಂದಕ್ಷರ ಹೇಳ್ತಿಲ್ಲ. ಸರ್? ಕೇಳಿಸ್ತಿದೆಯಾ ಸರ್?"

ನಯನಾ ಕೈ ಚಾಚಿ ಫೋನ್ ಆರಿಸಿದಳು.

ಷಡಕ್ಷರಪ್ಪನವರಿಗೆ ಮೊದಲು ಬಂದದ್ದು ನಗು. ಸೀಮೆಗೆಲ್ಲ ಲೈಸೆನ್ಸ್ ಕೊಟ್ಟ 'ಸಾಹೇಬ್ರ' ಹೆಂಡತಿ, ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಎಳನೀರು ಟೆಂಪೊದಲ್ಲಿ ಕದ್ದು ಡ್ರೈವಿಂಗ್ ಕಲಿಯುವುದೇ? ಸ್ಕೂಟರಿನ ಕೀ ಕೂಡ ಮುಟ್ಟದವಳು! ಎಲಾ ಇವಳಾ! ನಗು ಗಂಟಲವರೆಗೆ ಬಂದು, ಅಲ್ಲೇ ಏನೋ ಮುರಿದಂತಾಯಿತು. ಬಾಯಿಂದ ಹೊರಬಂದ ಸದ್ದು ಅವರಿಗೇ ಗುರುತು ಸಿಗಲಿಲ್ಲ. ಮೊಣಕಾಲಿನ ಮೇಲೆ ತಲೆಯಿಟ್ಟು, ಹಾರನಹಳ್ಳಿಯ ಬೀದಿಯೆಲ್ಲ ತಮ್ಮನ್ನು ನೋಡುತ್ತಿದ್ದರೂ ನಾಚಿಕೆಯಿಲ್ಲದೆ, ಆ ಮನುಷ್ಯ ಬಿಕ್ಕಿ ಬಿಕ್ಕಿ ಅತ್ತರು. ರಂಗಮ್ಮ ಬಾಗಿಲಿಗೆ ಬಂದು ಸೆರಗು ಬಾಯಿಗೆ ಒತ್ತಿಕೊಂಡು ನಿಂತಳು. ಯಾರೂ ಸಮಾಧಾನ ಹೇಳಲು ಹೋಗಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಅವರು ಮುಖ ಎತ್ತಿದರು.

"ಹೆಂಗೆ ಓಡಿಸ್ತಿದ್ಲಪ್ಪಾ?"

ಆ ಪ್ರಶ್ನೆಯನ್ನು ದೇವರಾಜ ನಿರೀಕ್ಷಿಸಿರಲಿಲ್ಲ. ಮೊದಲ ಸಲ ಅವರ ಮುಖ ನೋಡಿದ.

"ಚೆಂದಾಗಿ ಓಡಿಸೋರು ಸಾಮಿ" ಎಂದ ಮೆಲ್ಲಗೆ. "ಗೇರ್ ಹಾಕಾಗ ಒಂಚೂರು ತಡವರ್ಸೋರು, ಅಷ್ಟೇಯ. ಎರಡು ಕೈನಾಗೂ ಸ್ಟೀರಿಂಗ್ ಗಟ್ಟಿ ಹಿಡ್ಕಳೋರು. ಆ ರೋಡ್ಗೆ ಅವತ್ತೇ ಮೊದಲ್ನೇ ಸಲ ಬಂದಿದ್ದು; ತಿರುವ್ನಾಗೆ ನಿಧಾನ ಮಾಡಿ ಹಾರ್ನ್ ಹೊಡೀರಿ ಅಮ್ಮಾ ಅಂದ್ರೆ, ಸುಮ್ಕಿರೋ, ಕೈ ಬಿಟ್ರೆ ಗಾಡಿ ಗದ್ದೆಗೆ ಹೋಯ್ತದೆ ಅಂದ್ರು."

ಷಡಕ್ಷರಪ್ಪ ತಲೆದೂಗಿದರು. ಕಣ್ಣೊರೆಸಿಕೊಂಡರು. ಅಳು ಬಂದ ಹಿಂದೆಯೇ ತಲೆಯೂ ಓಡತೊಡಗಿತ್ತು.

"ಮೆಲ್ಲಗೆ ಗಾಡಿ ನಿಲ್ಲಿಸಿದ್ದು ಅವಳು."

"ಹೂಂ ಸಾಮಿ."

"ಓಡಿಸ್ತಿದ್ದೋಳು ಗಾಡಿ ನಿಲ್ಲಿಸಿದ್ಲು. ಮತ್ತೆ ಗಾಡಿಗೆ ಸಿಕ್ಕಿ ಸಾಯೋದಕ್ಕೆ ರೋಡಿಗೆ ಹೆಂಗಪ್ಪಾ ಬಂದ್ಲು? ಯಾಕೆ ಇಳಿದ್ಲು?"

ದೇವರಾಜ ಬೀದಿಯ ಆ ತುದಿ ನೋಡಿದ, ಈ ತುದಿ ನೋಡಿದ. ಅವನ ಹಣೆಯಲ್ಲಿ ಬೆವರು ಕಿತ್ತಿತ್ತು.

"ಜೈಲಿಗೆ ಹೋಗೋಕೂ ತಯಾರಾಗಿ ಸುಳ್ಳು ಒಪ್ಕೊಂಡೆ. ಬ್ರೇಕಿನ ಕಥೆ ಕಟ್ಟಿ ಈ ಹುಡುಗಿ ಹೊಟ್ಟೆ ಉರಿಸ್ದೆ. ಯಾರಿಗೆ ಹೆದರ್ತಿದ್ದೀಯ ನೀನು?"

"ಹೇಳ್ಬಿಡ್ಲಾ" ಎಂದಳು ರಂಗಮ್ಮ ಬಾಗಿಲಿನಿಂದ. "ಸೂತಕದ ಮನೇಲಿ ನಿಂತು ಇನ್ನೂ ಎಷ್ಟು ಸುಳ್ಳಾಡ್ತೀಯ?"

"ಹುಣಸೇ ಮರದ ತಾವ ಒಬ್ಬ ಕಾರು ನಿಲ್ಸ್ಕಂಡು, ಕೈ ಅಡ್ಡ ಹಾಕ್ದ ಸಾಮಿ." ದೇವರಾಜನ ದನಿ ಪಿಸುಮಾತಿಗೆ ಇಳಿದಿತ್ತು. "ಅಮ್ಮಾರು ಗಾಡಿ ನಿಲ್ಸಿದ್ರು. ಅವ್ನು ಕಿಟಕಿ ತಾವ ಬಂದು, 'ನೀವು ಕದ್ದು ಗಾಡಿ ಕಲೀತಿರೋದು ನಿಮ್ಮೆಜಮಾನ್ರಿಗೆ ಗೊತ್ತಾಗೈತೆ. ಅವ್ರೇ ನನ್ನ ಕಳ್ಸವ್ರೆ, ಇಳೀರಿ ಕೆಳಗೆ' ಅಂದ. ನಮ್ಮಿಬ್ರಿಗೆ ಗಾಡಿ ತಗಂಡು ಹೋಗ್ರಲಾ, ಬಾಯಿ ಬಿಟ್ರೆ ಉಳಿಸಾಕಿಲ್ಲ ಅಂದ. ಅಮ್ಮಾರ ಮಕ ಬೆಳ್ಳಗಾಗೋಯ್ತು. ತುಟಿಕ್ ಪಿಟಿಕ್ ಅನ್ನದೆ ಇಳಿದ್ರು. ನಾವು ಗಾಡಿ ತಗಂಡು ಹೊಂಟೋದ್ವಿ; ಅಮ್ಮಾರು ಹೋದ್ರು ಅಂತ ಗೊತ್ತಾದ್ಮ್ಯಾಕೆ ನಿಜ ಹೇಳಾಕೆ ಹೆದರಿ ನಾನೇ ಅಂತ ಒಪ್ಕಂಡೆ."

ನಯನಾ ಎದ್ದು ನಿಂತಳು. ಷಡಕ್ಷರಪ್ಪ ದೇವರಾಜನ ರಟ್ಟೆ ಹಿಡಿದುಕೊಂಡರು. ಐದು ಬೆರಳೂ ನಾಟುವ ಹಾಗೆ ಹಿಡಿದರು.

"ಯಾರ್ಲಾ ಅವನು? ಹೆಸರು ಹೇಳು!"

ದೇವರಾಜ ಕೈ ಬಿಡಿಸಿಕೊಳ್ಳಲಿಲ್ಲ. ಮಂಗಳವಾರದಿಂದ ಒಳಗೇ ನುಂಗಿಕೊಂಡಿದ್ದ ಹೆದರಿಕೆಯೆಲ್ಲ ಅವನ ಕಣ್ಣಿಗೆ ಬಂದಿತ್ತು.

"ನನ್ನ ಕೇಳ್ತೀರಲ್ಲ ಸಾಮಿ" ಎಂದ. "ಕಳ್ಸಿದ್ದು ನೀವಲ್ವಾ?"